ಬೀಗರಿಗೆ ತೋರಿಸಲಾಗದ ಕುರು

ಮನುಷ್ಯನ ಮೈಮೇಲೆ ಕುರು ಏಳುವುದಕ್ಕೆ ಜಾಗಕ್ಕೇನೂ ಬರವಿಲ್ಲ. ಮೊಣಕೈ ಇದೆ, ಮೊಣಕಾಲಿದೆ, ಕತ್ತಿನ ಹಿಂಭಾಗವಿದೆ. ನಾಲ್ಕು ಜನಕ್ಕೆ ತೋರಿಸಿ ಅಯ್ಯೋ ಪಾಪ ಅನ್ನಿಸಿಕೊಳ್ಳಬಹುದಾದ ಮರ್ಯಾದಸ್ಥ ಸ್ಥಳಗಳು ಇನ್ನೂ ಎಷ್ಟೋ ಇವೆ. ಅವನ್ನೆಲ್ಲ ಬಿಟ್ಟು, ಗೌರಿಬಿದನೂರು ತಾಲ್ಲೂಕು ಹುಣಸೇಕುಂಟೆಯ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿಗಳಾದ ರಾಮಾಂಜಿನಪ್ಪನವರ ಆಸನಭಾಗದ ಎಡ ಮಗ್ಗುಲಲ್ಲಿ, ಅದೂ ಅವರ ಒಬ್ಬಳೇ ಮಗಳ ನಿಶ್ಚಿತಾರ್ಥಕ್ಕೆ ಸರಿಯಾಗಿ ಒಂಬತ್ತು ದಿನ ಇರುವಾಗ, ಒಂದು ಕುರು ಎದ್ದಿತು.

ಇದನ್ನು ಸಣ್ಣ ವಿಷಯ ಎನ್ನುವವರಿಗೆ ನಮ್ಮ ಕಡೆಯ ನಿಶ್ಚಿತಾರ್ಥ ಗೊತ್ತಿಲ್ಲ. ಹೆಣ್ಣಿನ ತಂದೆ ಬೀಗರ ಎದುರು ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಲಗ್ನಪತ್ರಿಕೆ ಓದಿ, ತಾಂಬೂಲದ ತಟ್ಟೆ ಬದಲಾಯಿಸಿಕೊಳ್ಳುವವರೆಗೆ, ಅಂದರೆ ಪುರೋಹಿತರ ಗಂಟಲು ಚೆನ್ನಾಗಿದ್ದ ದಿನ ಒಂದೂವರೆ ಗಂಟೆ, ಅಲ್ಲಾಡದೆ ಇರಬೇಕು. ನಡುವೆ ಎದ್ದರೆ ಅಪಶಕುನ. ಒಂದು ಪಕ್ಕಕ್ಕೆ ವಾಲಿ ಕೂತರೆ ಗಂಡಿನ ಕಡೆಯ ಹೆಂಗಸರು ಅದಕ್ಕೊಂದು ಅರ್ಥ ಹುಡುಕದೆ ಊರಿಗೆ ಮರಳುವುದಿಲ್ಲ.

ಇಷ್ಟಕ್ಕೂ ಊರಿನಲ್ಲಿ ಆಸ್ಪತ್ರೆ ಇಲ್ಲವೇ ಎಂದರೆ, ಇದೆ. ಡೈರಿಯ ಬಾಗಿಲಿನಿಂದ ಪ್ರಾಥಮಿಕ ಆರೋಗ್ಯ ಕೇಂದ್ರದ ಗೇಟಿಗೆ ಅರವತ್ತೆರಡು ಹೆಜ್ಜೆ. ಒಂಬತ್ತಕ್ಕೆ ತೆಗೆಯುತ್ತದೆ, ಮಾತ್ರೆ ಇರುತ್ತದೆ, ಡಾಕ್ಟರೂ ಇರುತ್ತಾರೆ. ಹಿಂದಿನ ಗಣರಾಜ್ಯೋತ್ಸವದ ದಿನ ರಾಮಾಂಜಿನಪ್ಪನವರೇ ಧ್ವಜಸ್ತಂಭದ ಪಕ್ಕ ನಿಂತು, “ಪಟ್ಟಣಕ್ಕೆ ಓಡಬೇಡಿ, ನಮ್ಮೂರಿನ ಆಸ್ಪತ್ರೆಯ ಸದುಪಯೋಗ ಪಡೆದುಕೊಳ್ಳಿ” ಎಂದು ಇಪ್ಪತ್ತು ನಿಮಿಷ ಭಾಷಣ ಮಾಡಿದ್ದರು. ಆಗ ಅವರಿಗೆ ಕುರು ಇರಲಿಲ್ಲ. ಮುಖ್ಯವಾಗಿ, ಆಸ್ಪತ್ರೆಯ ಡಾಕ್ಟರ್ ಶಿರೀಷಾ ಆಗಿನ್ನೂ ಅವರಿಗೆ ಏನೂ ಆಗಬೇಕಾಗಿರಲಿಲ್ಲ.

ಈಗ ಆಕೆ ಬೀಗರ ಮಗಳು. ಶಿಡ್ಲಘಟ್ಟದ ನಿವೃತ್ತ ಹೆಡ್‌ಮಾಸ್ಟರ್ ಹನುಮಂತರಾಯಪ್ಪನವರ ಹಿರಿಯ ಮಗಳು. ಗಂಡು ಮಧುಕುಮಾರನ ಅಕ್ಕ. ಹುಣಸೇಕುಂಟೆಗೆ ಡ್ಯೂಟಿಗೆ ಬಂದು, ಇವರ ಮಗಳು ಸೌಜನ್ಯಳನ್ನು ನೋಡಿ, ಮೆಚ್ಚಿ, ಈ ಸಂಬಂಧ ಕುದುರಿಸಿದವಳೇ ಅವಳು.

“ಎದುರಿಗೇ ಇದೆಯಲ್ಲ ಆಸ್ಪತ್ರೆ. ಶಿರೀಷಮ್ಮನಿಗೆ ತೋರ್ಸಿ,” ಅಂದರು ಹೆಂಡತಿ ಕದಿರಮ್ಮ.

“ಬುದ್ಧಿ ಇದೆಯೇನೇ ನಿಂಗೆ? ಬೀಗರ ಮಗಳು ಕಣೇ ಅದು. ಬೀಗರಿಗೆ ಮುಖ ತೋರಿಸ್ಬೇಕು. ಅದನ್ನ ತೋರಿಸ್ತಾರಾ?”

“ಆ ಹುಡುಗಿ ಡಾಕ್ಟ್ರು ರೀ. ಅದಕ್ಕೆ ಎಲ್ಲಾರ್ದೂ ಒಂದೇ.”

“ಅವಳಿಗೆ ಒಂದೇ ಇರಬಹುದು. ನಂಗಿರೋದು ಇದೊಂದೇ. ನಾಳೆ ಹಬ್ಬಕ್ಕೆ ಬಂದು ನಮ್ಮನೇಲಿ ಊಟಕ್ಕೆ ಕೂತ್ರೆ ಯಾವ ಮುಖ ಇಟ್ಕೊಂಡು ಬಡಿಸ್ಲಿ?”

“ಮುಖದ ಮಾತು ಯಾರಾಡ್ತಿದ್ದಾರೆ ಇಲ್ಲಿ?”

“ನೀನು ಸುಮ್ನಿರು. ಬೀಗರು ಎಂಥಾ ಸಂಸ್ಕಾರವಂತರು ನೋಡಿದ್ಯಲ್ಲ? ಹೆಣ್ಣು ನೋಡಕ್ಕೆ ಬಂದ ದಿನ ಎಷ್ಟು ಸಾರಿ ಕೂತ್ಕೊಳ್ಳಿ ಅಂದೆ, ಕೂತ್ರಾ? ಒಂದು ಗಂಟೆ ನಿಂತೇ ಇದ್ರು. ಗೋಡೆ ಮೇಲಿನ ಫೋಟೋ ಒಂದೊಂದನ್ನೂ ನಿಂತು ನೋಡಿದ್ರು. ದೊಡ್ಡ ಮನುಷ್ಯರ ಲಕ್ಷಣ ಅದು. ಅಂಥವರ ಮಗಳ ಮುಂದೆ ನಾನು...”

ವಾಕ್ಯ ಮುಗಿಸಲು ಅವರಿಗೆ ಸಂಸ್ಕಾರ ಅಡ್ಡಬಂತು. ಈ ಮಾತು ಮೂರನೆಯವರ ಕಿವಿಗೆ ಬೀಳಕೂಡದು, ಮಗಳಿಗೂ ಹೇಳಕೂಡದು ಎಂದು ಹೆಂಡತಿಯಿಂದ ಮಾತು ತೆಗೆದುಕೊಂಡು ಅವರು ಡೈರಿಗೆ ಹೋದರು, ನಿಂತುಕೊಂಡೇ ಹಾಲಿನ ಲೆಕ್ಕ ಬರೆದರು.

ಅವರ ಮೊದಲ ಪ್ರಯತ್ನ ಡೈರಿಯಲ್ಲೇ ನಡೆಯಿತು. ಪಶುವೈದ್ಯ ಇಲಾಖೆಯ ಕೆಂಪರಾಜು ಬೆಳಿಗ್ಗೆ ಹಾಲಿನ ಹೊತ್ತಿಗೆ ಬರುವವನು.

“ಕೆಂಪರಾಜು, ಒಂದು ಹಸೂಗೆ ಹಿಂದ್ಗಡೆ ಕುರು ಎದ್ರೆ ಏನ್ ಮಾಡ್ತೀರಿ?”

“ಮಾಗಿದ್ಯಾ ಸಾರ್?”

“ಮಾಗಿರ್ಬೇಕು. ಮುಟ್ಟಕ್ಕಾಗಲ್ಲ.”

“ಒದೀತದಾ?”

“ಇನ್ನೂ ಯಾರ್ಗೂ ಒದ್ದಿಲ್ಲ.”

“ಹಗ್ಗ ಹಾಕಿ ಕೆಡವಿ ಕೊಯ್ದ್ರಾಯ್ತು. ಎರಡು ನಿಮಿಷದ ಕೆಲಸ. ಯಾರ ಹಸು?”

ಕಾರ್ಯದರ್ಶಿಗಳ ಬಾಯಿಂದ, ಸಾಲಿನಲ್ಲಿ ಮುಂದೆ ನಿಂತಿದ್ದ ಮುದುಕಿಯ ಹೆಸರು ಬಂತು. ಕೆಂಪರಾಜು ಕೆಲಸದಲ್ಲಿ ಪ್ರಾಮಾಣಿಕ. ಹಗ್ಗ ತೆಗೆದುಕೊಂಡು ಹೋದ. ಕಾಲು ಗಂಟೆಯಲ್ಲಿ ಪೆದ್ದಮ್ಮ ಸೆರಗು ಸಿಕ್ಕಿಸಿಕೊಂಡು ಡೈರಿಯ ಮುಂದೆ ಪ್ರತ್ಯಕ್ಷವಾದಳು.

“ಏಮಯ್ಯಾ ಸೆಕ್ರೆಟ್ರೀ! ನಾ ಆವುಕಿ ಏಮಾಯಿಂದಿ? ನನ್ನ ಹಸೂಗೇನಾಗಿದೆ? ಎರಡು ಹೊತ್ತೂ ಹಾಲು ಕೊಡೋ ಹಸು, ಅದರ ಬಾಲ ಎತ್ತಿ ನೋಡಕ್ಕೆ ಆಳು ಕಳಿಸ್ತೀಯಾ? ನಿಂದು ಎತ್ತಿ ನೋಡ್ಕೋ ಮೊದ್ಲು!”

ಸಾಲಿನಲ್ಲಿದ್ದವರು ನಕ್ಕರು. ರಾಮಾಂಜಿನಪ್ಪನವರು ನಗಲಿಲ್ಲ. ಮುದುಕಿ ಇಷ್ಟು ಕರಾರುವಾಕ್ಕಾಗಿ ಸಲಹೆ ಕೊಟ್ಟಿದ್ದು ಅವರಿಗೆ ದಿಗಿಲು ಹುಟ್ಟಿಸಿತು.

ನಮ್ಮ ಜಿಲ್ಲೆಯಲ್ಲಿ ಹಸುವಿಗೆ ಕಾಯಿಲೆಯಾದರೆ ಎಲ್ಲಿಗೆ ಹೋಗಬೇಕೆಂಬ ಗೊಂದಲ ಯಾರಿಗೂ ಇಲ್ಲ. ಯಾರನ್ನು ಕರೆಯಬೇಕೆಂದು ಡೈರಿಯ ಗೋಡೆಯ ಮೇಲೆ ಬರೆದಿದೆ. ಮನುಷ್ಯರದನ್ನೂ ಆಸ್ಪತ್ರೆಯ ಗೋಡೆಯ ಮೇಲೆ ಇನ್ನೂ ದೊಡ್ಡ ಅಕ್ಷರದಲ್ಲಿ ಬರೆದಿದ್ದಾರೆ. ಆದರೆ ಹಸುವಿಗೆ ಬೀಗರಿಲ್ಲ.

ಆಮೇಲೆ ಬಂದವನು ಮುರಳಿಮೋಹನ್, ಕದಿರಮ್ಮನವರ ತಮ್ಮ. ಸೈಟು ಕೊಡಿಸುವ ಕಸುಬು, ಬಿಳಿ ಕಾರು, ಎಲ್ಲಾ ಕಡೆಯೂ “ಒಳಗಡೆ ನಮ್ಮ ಜನ ಇದ್ದಾರೆ” ಎನ್ನುವ ರೂಢಿ. ಅವನಿಗೆ ಒಂದು ವಿಷಯ ಹೇಳುವುದೂ ದೇವಸ್ಥಾನದ ಮೈಕಿನಲ್ಲಿ ಹೇಳುವುದೂ ಒಂದೇ ಆದ್ದರಿಂದ ರಾಮಾಂಜಿನಪ್ಪನವರು “ಸ್ವಲ್ಪ ಒಳಗೆ ತೊಂದ್ರೆ” ಎಂದಷ್ಟೇ ಹೇಳಿದರು.

“ಗೌರಿಬಿದನೂರಲ್ಲಿ ಒಂದು ನರ್ಸಿಂಗ್ ಹೋಮ್ ಇದೆ ಭಾವ. ಒಳಗಡೆ ನಮ್ಮ ಜನ ಇದ್ದಾರೆ. ಹೋಗಣ ನಡೀರಿ.”

ಹೋದರು. ರಾಮಾಂಜಿನಪ್ಪನವರು ಹಿಂದಿನ ಸೀಟಿನ ಮೇಲೆ ಮಂಡಿಯೂರಿ, ಹಿಂಬದಿಯ ಗಾಜಿಗೆ ಮುಖ ಕೊಟ್ಟು ಪ್ರಯಾಣ ಮಾಡಿದರು. ಹಿಂದೆ ಬರುತ್ತಿದ್ದ ಟೊಮೆಟೊ ಗಾಡಿಯ ಡ್ರೈವರು, ತನಗೇ ನಮಸ್ಕರಿಸುತ್ತಿದ್ದಾರೆಂದು ತಿಳಿದು ತೊಂಡೇಬಾವಿ ದಾಟುವವರೆಗೂ ಆಗಾಗ ಕೈಯೆತ್ತಿ ಮುಗಿಯುತ್ತಿದ್ದ.

“ಯಾಕ್ ಭಾವ ಹಿಂಗೆ?”

“ಗಾಳಿಗೆ,” ಅಂದರು ರಾಮಾಂಜಿನಪ್ಪನವರು.

ನರ್ಸಿಂಗ್ ಹೋಮಿನ ಒಳಗಡೆ ನಿಜವಾಗಿಯೂ ನಮ್ಮ ಜನ ಇದ್ದರು. ಅದೇ ಕಷ್ಟವಾಗಿದ್ದು. ನಾಲ್ಕು ಬೆಂಚು ತುಂಬ ರೋಗಿಗಳು, ಅರ್ಧದಷ್ಟು ಹುಣಸೇಕುಂಟೆಯ ಸುತ್ತಿನವರು. ಚೀಟಿ ಬರೆಯುವ ಜಾಗದಲ್ಲಿ ಸಂಘದ ಸದಸ್ಯನೊಬ್ಬನ ಮಗಳು ಹರಿತಾ.

“ದೊಡ್ಡಪ್ಪಾ! ಬನ್ನಿ, ಕೂತ್ಕೊಳ್ಳಿ. ಏನ್ ಪ್ರಾಬ್ಲಮ್ಮು?”

“ಏನಿಲ್ಲಮ್ಮ. ಸ್ವಲ್ಪ ನೋವು.”

“ಎಲ್ಲಿ?”

ನಾಲ್ಕು ಬೆಂಚುಗಳೂ ಮಾತು ನಿಲ್ಲಿಸಿ ಉತ್ತರಕ್ಕೆ ಕಾದವು. ರಾಮಾಂಜಿನಪ್ಪನವರು ಸಂಕೋಚದಿಂದ ಎದೆಯ ಮೇಲೆ ಕೈಯಿಟ್ಟುಕೊಂಡರು. ದೊಡ್ಡವರು ಸಂಕೋಚಪಟ್ಟಾಗ ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತದೆ.

ಹರಿತಾಳ ಮುಖ ಗಂಭೀರವಾಯಿತು. “ಯಾವಾಗ ಬರುತ್ತೆ ದೊಡ್ಡಪ್ಪ? ನಡೆದಾಗಾ?”

“ನಡೆದ್ರೆ ಏನೂ ಇಲ್ಲ. ಕೂತ್ರೆ ಬರುತ್ತೆ.”

“ಮಲಗಿದ್ರೆ?”

“ಅಂಗಾತ ಮಲಗಿದ್ರೆ ಬಂದೇಬಿಡುತ್ತೆ.”

“ಬೆವರುತ್ತಾ?”

“ಬೆವರದೆ ಇರುತ್ತೇನಮ್ಮ!”

ಒಂದು ಮಾತೂ ಸುಳ್ಳಲ್ಲ. ಹರಿತಾ ಚೀಟಿಯಲ್ಲಿ, ಸುಮ್ಮನೆ ಕೂತಾಗಲೇ ಎದೆನೋವು, ಬೆವರು, ವಯಸ್ಸು ಐವತ್ತಾರು ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದಳು. ಡಾಕ್ಟರು ಒಂದೇ ಕೋಣೆಯಲ್ಲಿ ಒಟ್ಟಿಗೆ ಮೂವರನ್ನು ನೋಡುವವರು; ಅವರು ಚೀಟಿಯನ್ನು ನೋಡಿದರು, ರೋಗಿಯನ್ನು ನೋಡಲು ಪುರಸೊತ್ತಾಗಲಿಲ್ಲ. ಪಕ್ಕದಲ್ಲಿ ಸೊಸೆ ಸಮೇತ ಬಂದ ಹೆಂಗಸೊಬ್ಬರು ಕಿವಿ ನಿಮಿರಿಸಿ ಕೂತಿದ್ದರಿಂದ ರಾಮಾಂಜಿನಪ್ಪನವರೂ ಬಾಯಿ ಬಿಡಲಿಲ್ಲ. ಇ.ಸಿ.ಜಿ. ತೆಗೆಯಲು ಅಂಗಾತ ಮಲಗಿಸಿದಾಗ ಅವರು ಹೊರಳಾಡಿದ ರಭಸಕ್ಕೆ ಕಾಗದದ ಮೇಲೆ ನಂದಿಬೆಟ್ಟದ ಸಾಲೇ ಮೂಡಿತು. ಡಾಕ್ಟರು ಕೂಡಲೇ ಚಿಕ್ಕಬಳ್ಳಾಪುರದ ಹೃದಯದ ಆಸ್ಪತ್ರೆಗೆ ಪತ್ರ ಬರೆದುಕೊಟ್ಟರು.

ಇಲ್ಲಿ ಓದುಗರು, ಕಾರಿನಲ್ಲಾದರೂ ಆ ಮನುಷ್ಯ ನಿಜ ಹೇಳಬಾರದಿತ್ತೇ ಎನ್ನಬಹುದು. ಹೇಳಬಹುದಿತ್ತು. ಆದರೆ ಎದೆ ಎಂದ ಕೂಡಲೇ ಬೆಂಚಿನಲ್ಲಿದ್ದವರೆಲ್ಲ ಎದ್ದು ದಾರಿ ಬಿಟ್ಟಿದ್ದನ್ನು, ಸಂಘದ ಸಭೆಗಳಲ್ಲಿ ಅವರ ವಿರುದ್ಧ ನಿಲ್ಲುತ್ತಿದ್ದವನೂ “ಹುಷಾರು ಸ್ವಾಮಿ” ಎಂದಿದ್ದನ್ನು ಅವರು ನೋಡಿದ್ದರು. ಹೃದಯ ದೊಡ್ಡವರ ಕಾಯಿಲೆ. ಅದಕ್ಕೆ ಗತ್ತಿದೆ.

ಚಿಕ್ಕಬಳ್ಳಾಪುರದಲ್ಲಿ ಅವರನ್ನು ಓಡುವ ಯಂತ್ರದ ಮೇಲೆ ಹತ್ತಿಸಿದರು. ನಾಲ್ಕು ದಿನದಿಂದ ಕೂರಲಾರದೆ ನರಳಿದ ದೇಹಕ್ಕೆ ಓಟ ಹಬ್ಬದಂತೆ ಬಂತು. ಯಂತ್ರದ ವೇಗ ಏರಿಸಿದರು, ಇವರೂ ಏರಿಸಿದರು. ಸುತ್ತ ನಿಂತಿದ್ದ ಕಲಿಯುವ ನರ್ಸುಗಳು ಎಣಿಸುವುದನ್ನು ಬಿಟ್ಟು ನೋಡತೊಡಗಿದರು.

“ಈ ವಯಸ್ಸಲ್ಲಿ ಹೀಗೆ ಓಡಿದವರನ್ನ ನಾನು ನೋಡಿಲ್ಲ,” ಅಂದರು ಹೃದಯದ ಡಾಕ್ಟರು. “ಪರ್ಫೆಕ್ಟ್. ಬನ್ನಿ, ಇಲ್ಲಿ ಕೂತ್ಕೊಳ್ಳಿ.”

ಅದು ಕಬ್ಬಿಣದ ಸ್ಟೂಲು. ರಾಮಾಂಜಿನಪ್ಪನವರು ಕೂತರು. ಕೂತ ಗಳಿಗೆಯಲ್ಲಿ ಯಂತ್ರ ಕಿರುಚಿತೋ ಅವರು ಕಿರುಚಿದರೋ ಯಾರಿಗೂ ತಿಳಿಯಲಿಲ್ಲ. ನಾಡಿ ನೂರೈವತ್ತಕ್ಕೆ ಏರಿತು, ಹಣೆಯಲ್ಲಿ ನೀರು ಹರಿಯಿತು. ಡಾಕ್ಟರು ನಿಲ್ಲಿಸಿದರು; ನಾಡಿ ಇಳಿಯಿತು. ಕೂರಿಸಿದರು, ಏರಿತು. ಮತ್ತೆ ನಿಲ್ಲಿಸಿ ಮತ್ತೆ ಕೂರಿಸಿದರು. ಮೂರನೆಯ ಸಲಕ್ಕೆ ಬೇರೆ ಇಬ್ಬರು ಡಾಕ್ಟರುಗಳನ್ನು ಕರೆಸಿದರು.

“ಓಡಿದ್ರೆ ನಾರ್ಮಲ್, ರೆಸ್ಟಲ್ಲಿ ಅಟ್ಯಾಕು. ವೆರಿ ರೇರ್!”

ರೇರ್ ಎಂಬ ಮಾತು ಕೇಳಿ ಮುರಳಿಮೋಹನನ ಎದೆ ಉಬ್ಬಿತು. “ನಮ್ಮ ಭಾವ ಸಾರ್,” ಎಂದು ಪರಿಚಯಿಸಿದ.

ತಕ್ಷಣ ಅಡ್ಮಿಟ್ ಆಗಬೇಕು, ಅಂಗಾತ ಮಲಗಿರಬೇಕು ಎಂದರು. ಗಾಲಿಕುರ್ಚಿ ತಂದರು. ಗಾಲಿಕುರ್ಚಿಯ ಗಟ್ಟಿ ಸೀಟನ್ನು ನೋಡಿದ ರಾಮಾಂಜಿನಪ್ಪನವರು ಹಿಂದೆ ಮುಂದೆ ನೋಡದೆ ಮೆಟ್ಟಿಲ ಕಡೆ ಓಡಿದರು. ಹಿಂದಿನಿಂದ ಗಾಲಿಕುರ್ಚಿ ತಳ್ಳಿಕೊಂಡು ಇಬ್ಬರು ಸಿಬ್ಬಂದಿ, ಅವರ ಹಿಂದೆ “ಓಡಬೇಡಿ, ಹಾರ್ಟು, ಹಾರ್ಟು!” ಎಂದು ಕೂಗುತ್ತ ಡಾಕ್ಟರು. ಮೂರು ಮಹಡಿಯನ್ನೂ ಗೆದ್ದು ಕೆಳಗೆ ಬಂದಾಗ, ಬಿ.ಪಿ. ಮಾತ್ರೆಗೆಂದು ಕೌಂಟರಿನಲ್ಲಿ ನಿಂತಿದ್ದವನು ತರಕಾರಿ ಮಂಡಿಯ ರಮೇಶ್‌ಬಾಬು. ಬೀಗಿತ್ತಿ ನಾರಾಯಣಮ್ಮನವರ ಖಾಸಾ ತಮ್ಮ.

ಅವನು ಮಾತ್ರೆ ತೆಗೆದುಕೊಳ್ಳುವ ಮೊದಲೇ ಫೋನು ತೆಗೆದ.

ಮಾರನೆಯ ದಿನ ಬೆಳಿಗ್ಗೆ ಹುಣಸೇಕುಂಟೆಯಲ್ಲಿ ಡೈರಿಗೆ ಬಂದವರೆಲ್ಲ ಹಾಲಿನ ಕ್ಯಾನು ಸದ್ದಾಗದಂತೆ ಇಡುತ್ತಿದ್ದರು. ಒಬ್ಬರು ಬೆಳ್ಳುಳ್ಳಿ ಹೇಳಿದರು, ಇನ್ನೊಬ್ಬರು ಬೆಂಗಳೂರು ಹೇಳಿದರು, ಮತ್ತೊಬ್ಬರು ಮುರುಗಮಲ್ಲದ ದರ್ಗಾದಲ್ಲಿ ತಾವೇ ಸಕ್ಕರೆ ಓದಿಸಿ ತರುವುದಾಗಿ ಹೇಳಿದರು. ಪೆದ್ದಮ್ಮ ಬಂದು, ಹಸುವಿನ ವಿಚಾರದಲ್ಲಿ ಆಡಿದ ಮಾತನ್ನು ಮನಸ್ಸಿಗೆ ತಗೋಬೇಡಪ್ಪ, ಎದೆಗೆ ಒಳ್ಳೆಯದಲ್ಲ ಎಂದಳು. ರಾಮಾಂಜಿನಪ್ಪನವರು ಎಲ್ಲವನ್ನೂ ನಿಂತುಕೊಂಡೇ ಸ್ವೀಕರಿಸಿದರು. ಆಶಾ ಕಾರ್ಯಕರ್ತೆ ಮುನಿಗಂಗಮ್ಮ ಮಾತ್ರ ಅವರು ನಿಂತಿದ್ದ ರೀತಿಯನ್ನು ಮೇಲಿನಿಂದ ಕೆಳಗಿನವರೆಗೂ ನೋಡಿ, ಆ ಅರವತ್ತೆರಡು ಹೆಜ್ಜೆ ನಡೆದು ಆಸ್ಪತ್ರೆಗೆ ಹೋದಳು.

ಮನೆಗೆ ಬಂದರೆ ಸೌಜನ್ಯ ಬಾಗಿಲಲ್ಲೇ ನಿಂತಿದ್ದಳು. ಕಣ್ಣು ಕೆಂಪಾಗಿತ್ತು.

“ಅಪ್ಪ, ಮಧು ಫೋನ್ ಮಾಡಿದ್ರು. ಅವರಮ್ಮ ನಿಶ್ಚಿತಾರ್ಥ ಮುಂದಕ್ಕೆ ಹಾಕಣ ಅಂತಿದ್ದಾರಂತೆ. ಹಾರ್ಟಿಂದು ವಂಶದಲ್ಲಿ ಬರುತ್ತಂತೆ, ಯೋಚನೆ ಮಾಡ್ಬೇಕು ಅಂದ್ರಂತೆ. ಸಾಯಂಕಾಲ ಎಲ್ಲಾರೂ ಬರ್ತಿದ್ದಾರೆ.”

ಮುಂದಕ್ಕೆ ಹಾಕಿದ ನಿಶ್ಚಿತಾರ್ಥ ನಮ್ಮ ಸೀಮೆಯಲ್ಲಿ ಹಿಂದಕ್ಕೆ ಬಂದಿದ್ದನ್ನು ಯಾರೂ ಕಂಡಿಲ್ಲ. ಅದು ರಾಮಾಂಜಿನಪ್ಪನವರಿಗೂ ಗೊತ್ತಿತ್ತು. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅವರು ಎದೆಯ ಮೇಲೆ ಕೈಯಿಟ್ಟುಕೊಂಡು ಒಳಗೆ ಹೋದರು.

“ಯಾತಕ್ಕೆ ಹೋದ್ರಿ, ಏನ್ ತಂದ್ರಿ!” ಎಂದು ಕದಿರಮ್ಮ ಪಾತ್ರೆಯೊಂದನ್ನು ಅಗತ್ಯಕ್ಕಿಂತ ಜೋರಾಗಿ ಇಟ್ಟರು.

ಬೀಗರು ಐದಕ್ಕೆ ಬಂದರು. ಸೇಬು, ಮೂಸಂಬಿ, ಹಾರ್ಲಿಕ್ಸ್. ಹನುಮಂತರಾಯಪ್ಪನವರು, ನಾರಾಯಣಮ್ಮ, ಆಸ್ಪತ್ರೆ ಮುಗಿಸಿ ನೇರವಾಗಿ ಬಂದ ಶಿರೀಷಾ. ನಡುಮನೆಯಲ್ಲಿ ಆರು ಕುರ್ಚಿ ಸಾಲಾಗಿತ್ತು. ರಾಮಾಂಜಿನಪ್ಪನವರು ಗೋಡೆಗೆ ಒರಗದೆ ನಿಂತಿದ್ದರು.

“ಕೂತ್ಕೊಳ್ಳಿ ಬೀಗ್ರೇ,” ಅಂದರು.

“ಛೆ ಛೆ, ನೀವು ಕೂತ್ಕೊಳ್ಳಿ. ಹುಷಾರಿಲ್ಲದವರು,” ಅಂದರು ಹನುಮಂತರಾಯಪ್ಪನವರು.

“ನೀವು ನಿಂತಿರೋವಾಗ ನಾನು ಕೂರೋದಾ? ಎಲ್ಲಾದ್ರೂ ಉಂಟಾ?”

“ನನ್ನದಿರಲಿ. ನೀವು ಮೊದ್ಲು.”

“ಖಂಡಿತಾ ಆಗಲ್ಲ.”

“ನನಗೂ ಆಗಲ್ಲ.”

ಗಂಡಸರಿಬ್ಬರೂ ನಿಂತ ಮೇಲೆ ಹೆಂಗಸರು ಕೂರುವಂತಿಲ್ಲ. ಬೀಗರು ನಿಂತ ಮೇಲೆ ಮುರಳಿಮೋಹನ್ ಕೂರುವಂತಿಲ್ಲ. ಆರು ಕುರ್ಚಿಗಳ ಸುತ್ತ ಏಳು ಜನ ನಿಂತೇ ಕಾಫಿ ಕುಡಿದರು. ಹನುಮಂತರಾಯಪ್ಪನವರು ಲೋಟ ಹಿಡಿದು ಗೋಡೆಯ ಫೋಟೋಗಳ ಕಡೆ ಸರಿದು, ರಾಮಾಂಜಿನಪ್ಪನವರು ಹಾಲು ಒಕ್ಕೂಟದಿಂದ ಫಲಕ ಪಡೆದ ಚಿತ್ರವನ್ನು ಎರಡನೆಯ ಬಾರಿಗೆ, ಮೊದಲಿಗಿಂತ ಹೆಚ್ಚು ಹೊತ್ತು ನೋಡಿದರು. ಮೂವತ್ತೈದು ನಿಮಿಷ ಕಳೆಯಿತು.

ಕೊನೆಗೆ ನಾರಾಯಣಮ್ಮ ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಾಯಿಸುತ್ತ ವಿಷಯಕ್ಕೆ ಬಂದರು. “ನೋಡಿ, ನಮಗೇನೂ ಅವಸರ ಇಲ್ಲ. ನಿಮ್ಮ ಹೃದಯ ಸರಿಹೋಗ್ಲಿ. ಆಮೇಲೆ ನೋಡಣ. ನಿಮ್ಮ ತಂದೆಯವರಿಗೂ ಇತ್ತೇನೋ ಇದು?”

ಸೌಜನ್ಯ ತಲೆ ತಗ್ಗಿಸಿದಳು. ಎಲ್ಲರೂ ರಾಮಾಂಜಿನಪ್ಪನವರ ಬಾಯಿ ನೋಡಿದರು. ಅವರು ಎದೆಯ ಮೇಲಿನ ಕೈ ತೆಗೆದರು, ಏನೋ ಹೇಳಲು ಬಾಯಿ ತೆರೆದರು, ಬೀಗರ ಮಗಳ ಮುಖ ನೋಡಿ ಮತ್ತೆ ಮುಚ್ಚಿದರು. ಕೈ ಮತ್ತೆ ಎದೆಗೆ ಹೋಯಿತು.

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಕದಿರಮ್ಮನವರಿಗೆ ಅಷ್ಟು ಸಾಕಾಯಿತು.

“ಹೃದಯಾನೂ ಇಲ್ಲ, ಮಣ್ಣೂ ಇಲ್ಲ! ಕುಂಡಿ ಮೇಲೆ ಕುರು ಎದ್ದಿದೆ ಇವರಿಗೆ! ಶಿರೀಷಮ್ಮಂಗೆ ತೋರ್ಸಿ ಅಂದ್ರೆ ಬೀಗರ ಮಗಳು ಅಂತ ಮೂರೂರು ಸುತ್ತಿ ಬಂದ್ರು!”

ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತರು. ಮುರಳಿಮೋಹನ್, ತಾನು ರೇರ್ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದನ್ನು ನೆನೆದು ಒಂದು ಕುರ್ಚಿಯ ಮೇಲೆ ಕುಸಿದು ಕೂತ. ಆ ಮನೆಯಲ್ಲಿ ಆ ಸಂಜೆ ಮೊದಲು ಕೂತವನು ಅವನೇ.

ಶಿರೀಷಾಳ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ. “ಮುನಿಗಂಗಮ್ಮ ಬೆಳಿಗ್ಗೇನೇ ಹೇಳಿದ್ಲು ಮಾವ. ನಿಂತಿರೋದು ನೋಡಿದ್ರೇ ಗೊತ್ತಾಗುತ್ತಂತೆ. ನಾಳೆ ಒಂಬತ್ತೂವರೆಗೆ ಬನ್ನಿ. ಹತ್ತು ನಿಮಿಷದ ಕೆಲಸ.”

“ಸಾಧ್ಯವೇ ಇಲ್ಲಮ್ಮ,” ಅಂದರು ರಾಮಾಂಜಿನಪ್ಪನವರು, ಹೋದ ಮಾನದಲ್ಲಿ ಉಳಿದಷ್ಟನ್ನು ಬಾಚಿಕೊಂಡು. “ಪ್ರಾಣ ಹೋದ್ರೂ ಆಗಲ್ಲ. ಬೀಗರೇ, ನೀವೇ ಹೇಳಿ. ಮರ್ಯಾದಸ್ಥರಾದವರು ಅದನ್ನ ಮನೆ ಹೆಣ್ಣುಮಗಳ ಮುಂದೆ...”

ಹನುಮಂತರಾಯಪ್ಪನವರು ಫೋಟೋ ಬಿಟ್ಟು ತಿರುಗಿದರು. ಅವರ ಮುಖದಲ್ಲಿ, ಬಹಳ ವರ್ಷಕ್ಕೆ ತನ್ನ ಭಾಷೆ ಆಡುವವನೊಬ್ಬ ಸಿಕ್ಕ ಸಂತೋಷವಿತ್ತು.

“ಅವರು ಹೇಳೋದು ಸರಿಯಾಗಿದೆ. ಸ್ವಂತ ಮಗಳೇ ಆದ್ರೂ ಸಂಕೋಚ ಸಂಕೋಚವೇ. ನೀವು ಒಂದು ಕೆಲಸ ಮಾಡಿ ಬೀಗ್ರೇ, ಚಿಂತಾಮಣೀಲಿ ಒಬ್ರು ಇದ್ದಾರೆ. ಹಿಂದಿನ ಬಾಗಿಲಿಂದ ಹೋಗ್ಬೇಕು. ಹೆಸರು ಕೇಳಲ್ಲ, ಮುಖ ನೋಡಲ್ಲ. ಒಂದು ಎಣ್ಣೆ ಕೊಡ್ತಾರೆ, ಹಚ್ಚಿದ್ರೆ ಎರಡು ದಿನ ಹಾಯಾಗಿ ಕೂರಬಹುದು. ಹನ್ನೊಂದು ವರ್ಷದಿಂದ ನಾನೇ...”

ಅಲ್ಲಿಗೆ ಅವರಿಗೆ ತಾವು ಎಲ್ಲಿದ್ದೇವೆಂಬುದು ನೆನಪಾಯಿತು.

“ನೀವೇ?” ಅಂದರು ನಾರಾಯಣಮ್ಮ.

ಹೆಡ್‌ಮಾಸ್ಟರರು ಫೋಟೋದ ಕಡೆ ತಿರುಗಿಕೊಂಡರು.

“ತಿಂಗಳಿಗೊಂದ್ಸಲ ಚಿಂತಾಮಣಿಗೆ ಪೆನ್ಷನ್‌ದಾರರ ಸಂಘದ ಮೀಟಿಂಗು ಅಂತಿದ್ರಲ್ಲ? ಬರೋವಾಗ ಎಣ್ಣೆ ಬಾಟ್ಲಿ ಬೇರೆ ತರ್ತಿದ್ರಿ. ಸಂಘದವರು ಎಣ್ಣೆ ಹಂಚ್ತಾರೆ ಅಂದ್ಕೊಂಡು ನಾನು ಅದ್ರಲ್ಲಿ ತಲೆಗೆ ಹಚ್ಕೊಂಡೆನಲ್ರೀ!”

“ಅಪ್ಪಾ,” ಅಂದಳು ಶಿರೀಷಾ. ಈ ಸಲ ಅವಳಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. “ಮೂಲವ್ಯಾಧೀನಾ? ಹನ್ನೊಂದು ವರ್ಷ? ಮನೇಲಿ ಡಾಕ್ಟರ್ ಇಟ್ಕೊಂಡು? ಅದಕ್ಕೇನಾ ಎಲ್ಲೋದ್ರೂ ಗೋಡೆ ನೋಡ್ತಾ ನಿಲ್ಲೋದು?”

ಗೋಡೆಯ ಮೇಲಿನ ಫಲಕದ ಚಿತ್ರ ಮೂರನೆಯ ಬಾರಿಗೆ ಪರಿಶೀಲನೆಗೆ ಒಳಗಾಯಿತು.

ಬೀಗರ ಸಂಸ್ಕಾರದ ಬಗ್ಗೆ ರಾಮಾಂಜಿನಪ್ಪನವರಿಗಿದ್ದ ಗೌರವ ಒಂದು ಗಳಿಗೆ ಅಲ್ಲಾಡಿ, ಮರುಗಳಿಗೆಯಲ್ಲೇ ಬೇರೊಂದು ಭದ್ರವಾದ ತಳಹದಿಯ ಮೇಲೆ ನಿಂತಿತು. ಹೆಂಗಸರು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ನಕ್ಕವಳು ಸೌಜನ್ಯ. ಆಮೇಲೆ ನಾರಾಯಣಮ್ಮ ಕುರ್ಚಿ ಎಳೆದುಕೊಂಡು ಕೂತು, ಇನ್ನೊಂದನ್ನು ಕದಿರಮ್ಮನವರ ಕಡೆ ತಳ್ಳಿ, “ಕೂತ್ಕೊಳ್ಳಿ ಬೀಗಿತ್ತಿ. ಇವರು ನಿಂತಿರ್ಲಿ. ಊಟದ ಲೆಕ್ಕ ಮಾತಾಡ್ಬೇಕು. ನಮ್ಮ ಕಡೆಯಿಂದ ಎಂಬತ್ತು ಜನ,” ಅಂದರು.

ಮಾರನೆಯ ದಿನ ಒಂಬತ್ತೂವರೆಗೆ ಹುಣಸೇಕುಂಟೆಯ ಆಸ್ಪತ್ರೆಯಲ್ಲಿ ಚೀಟಿ ಸಂಖ್ಯೆ ಹನ್ನೊಂದು ರಾಮಾಂಜಿನಪ್ಪನವರಿಗೂ, ಹನ್ನೆರಡು ಶಿಡ್ಲಘಟ್ಟದಿಂದ ಹೆಂಡತಿಯ ಕಾವಲಿನಲ್ಲಿ ಬಂದ ಹನುಮಂತರಾಯಪ್ಪನವರಿಗೂ ಹೋಯಿತು. ಮೇಜಿನ ಮೇಲೆ ಬೋರಲು ಮಲಗಿಸಿ ಒಂದು ಹಸಿರು ಬಟ್ಟೆ ಹೊದಿಸುತ್ತಾರೆ. ಅದರ ನಡುವೆ ಒಂದು ತೂತು. ಆ ತೂತಿನಲ್ಲಿ ಕುರು ಮಾತ್ರ ಕಾಣುತ್ತದೆ, ಕಾರ್ಯದರ್ಶಿ ಕಾಣುವುದಿಲ್ಲ. ಈ ಬಟ್ಟೆ ಆ ಆಸ್ಪತ್ರೆಯಲ್ಲಿ ಮೊದಲಿನಿಂದಲೂ ಇತ್ತು. ಕೆಲಸ ಒಂಬತ್ತು ನಿಮಿಷದಲ್ಲಿ ಮುಗಿಯಿತು.

ನಿಶ್ಚಿತಾರ್ಥ ಗೊತ್ತುಮಾಡಿದ ದಿನವೇ ನಡೆಯಿತು. ಪುರೋಹಿತರ ಗಂಟಲು ಚೆನ್ನಾಗಿತ್ತು. ಒಂದು ಗಂಟೆ ನಲವತ್ತು ನಿಮಿಷ ಓದಿದರು. ಹನುಮಂತರಾಯಪ್ಪನವರಿಗೆ ಮಗಳು ಮಣೆಯ ಮೇಲೊಂದು ದಿಂಬು ಹಾಕಿಸಿದ್ದಳು.

ಇಬ್ಬರೂ ಕೂತರು.